ಮಣೂಕದ ಶೆಡ್ಡಿಗೆ ಕಟ್ಟಿದ ಹಗ್ಗ

ಇವತ್ತು ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಲು ಕಡ್ಡಿ ಗೀರಿದೆ. ಪೊಟ್ಟಣ ರಾತ್ರಿಯೆಲ್ಲ ಸಿಂಕಿನ ಪಕ್ಕ ಕೂತಿತ್ತೇನೋ, ಎರಡು ಕಡ್ಡಿ ಗೀರಿದರೂ ಹತ್ತಲಿಲ್ಲ. ಮೂರನೆಯದು ಹತ್ತಿತು, ಹತ್ತಿದ್ದೇ ಗಂಧಕದ ಘಾಟು ಮೂಗಿಗೆ ಬಡಿಯಿತು. ನಾನು ದೀಪ ಹಚ್ಚುವುದು ಬಿಟ್ಟು ಕಡ್ಡಿ ಹಿಡಿದುಕೊಂಡೇ ನಿಂತೆ. ಬೆರಳು ಚುರ್ ಅಂದಾಗ ಎಚ್ಚರಾಯಿತು.

ಹೋದ ವರ್ಷದ ಏಪ್ರಿಲ್ ನನ್ನ ಮೂಗಿನಲ್ಲಿ ಹೀಗೇ ಕೂತಿದೆ. ಕರೆಯದೆ ಬರುತ್ತದೆ, ಹೋಗು ಅಂದರೆ ಹೋಗುವುದಿಲ್ಲ.

ಆ ಏಪ್ರಿಲ್‌ನಲ್ಲಿ ನಾನು ಐನಾಪುರಕ್ಕೆ ಹೋಗಿದ್ದು ನಿದ್ದೆ ಮಾಡಲಿಕ್ಕೆ. ಕೇಳಿದವರಿಗೆ ತವರಿಗೆ ಹೊರಟೆ, ಸೂಟಿ, ಅಂತ ಹೇಳಿದ್ದೆ. ಒಳಗಿನ ಮಾತು ಮಾತ್ರ ನಿದ್ದೆಯದು. ದಾವಣಗೆರೆಯ ಸರಕಾರಿ ದವಾಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ನರ್ಸ್. ಅಲ್ಲಿಯ ವಾರ್ಡು ಸಾಲದು ಅಂತ ಮನೆಯಲ್ಲಿ ಎರಡು ವರ್ಷ ಅತ್ತೆ ಹಾಸಿಗೆ ಹಿಡಿದಿದ್ದರು. ಅವರನ್ನು ಎತ್ತಿ, ಇಳಿಸಿ, ಒರೆಸಿ, ಉಣಿಸಿ, ಆ ಮಾಘದಲ್ಲಿ ಕಳಿಸಿಕೊಟ್ಟಿದ್ದೆ. ಅತ್ತೆ ಹೋದ ಮೇಲೆ ಅಳು ಬರಲಿಲ್ಲ, ಸೊಂಟನೋವು ಬಂತು. ಎಂಟು ದಿನ ಯಾರೂ ನನ್ನನ್ನು ಸಿಸ್ಟರ್ ಅನ್ನಬಾರದು, ಯಾರಿಗೂ ನಾನು ನೀರು ಕೊಡಬಾರದು, ಇಷ್ಟೇ ನನ್ನ ಆಸೆ.

ತವರಿನಲ್ಲಿ ಈಗ ಅಪ್ಪ ಅವ್ವ ಇಲ್ಲ. ತಮ್ಮ ಬಾಳು, ಅವನ ಹೆಂಡತಿ ವೈಶಾಲಿ, ಅವರ ಸಣ್ಣ ಮಗಳು ಇದ್ದಾರೆ. ಕುಡಚಿ ಸ್ಟೇಷನ್ನಿನಲ್ಲಿ ನಾನು, ನಮ್ಮ ಮನೆಯವರು, ಮಗಳು ತೇಜು ಇಳಿದರೆ ಬಾಳು ಜೀಪು ತಂದು ನಿಂತಿದ್ದ. ಕೃಷ್ಣೆಯ ಪೂಲು ದಾಟುವಾಗ ನಾನು ಅಭ್ಯಾಸದಂತೆ ಕೈ ಮುಗಿದೆ. ಕೆಳಗೆ ನೀರು ನಡುಗಡ್ಡೆ ಬಿಟ್ಟು ಸಣ್ಣಗೆ ಹರಿಯುತ್ತಿತ್ತು.

"ಭಾಳ ಸೊರಗಿ ಅಕ್ಕಾ" ಅಂದ ಬಾಳು.

"ದಣದೀನಿ. ಮಾತಾಡಸಬ್ಯಾಡ" ಅಂದೆ. ಅವನು ನಕ್ಕು ಸುಮ್ಮನಾದ. ನಮ್ಮ ಮನೆಯಲ್ಲಿ ಸಣ್ಣಂದಿನಿಂದ ನನ್ನ ಮಾತೇ ಕಡೆಯ ಮಾತು. ಅವ್ವ ಬೇಗ ಹೋದಳು, ಬಾಳುವಿನ ಚಡ್ಡಿ ಒಗೆದವಳು ನಾನು. ಆ ಋಣವನ್ನು ಅವನು ಮರೆತಿಲ್ಲ, ನಾನೂ ಮರೆಯಲು ಬಿಟ್ಟಿಲ್ಲ.

ವೈಶಾಲಿ ಮಿರಜ್ ಕಡೆಯವಳು. ಕನ್ನಡ ಮಾತಾಡುತ್ತಾಳೆ, ಲೆಕ್ಕ ಮತ್ತು ಸಿಟ್ಟು ಮಾತ್ರ ಮರಾಠಿಯಲ್ಲಿ. ನನ್ನ ಮುಂದೆ ಅವಳು ಸಿಟ್ಟಾದದ್ದನ್ನು ನಾನು ಕಂಡಿಲ್ಲ. ನಾದಿನಿ ತವರಿಗೆ ಬಂದಳೆಂದರೆ ಅವಳ ಕೈಗೆ ಒಂದು ಲೋಟವೂ ತೊಳೆಯಲು ಸಿಗಬಾರದು, ಅವಳು ಅಂದಿದ್ದಕ್ಕೆ ಇಲ್ಲ ಅನ್ನಬಾರದು, ಇದು ನಮ್ಮ ಕಡೆಯ ಪದ್ಧತಿ. ವೈಶಾಲಿ ಅದನ್ನು ಪೂರಾ ಪಾಲಿಸುವವಳು. ನಾನು ಎದ್ದರೆ ಮಣೆ, ಕೂತರೆ ಚಹಾ. ಮೊದಲ ದಿನ ಅಡಿಗೆಮನೆಗೆ ಹೋದರೆ "ಹೊರಗ ಗಾಳಿಗಿ ಕುಂಡ್ರಿ ಅಕ್ಕಾರ, ಇಲ್ಲಿ ಉಬ್ಬಿ ಸಾಯ್ತೀರಿ" ಅಂತ ಕಳಿಸಿದಳು. ಉಬ್ಬೆ, ಅಂದರೆ ಗಾಳಿಯಾಡದ ಸೆಕೆ, ಅದೇನು ಸುಳ್ಳಲ್ಲ. ಹಿತ್ತಲಿಗೆ ತಗಡು ಇಳಿಸಿ ಮಾಡಿದ ಅಡಿಗೆಮನೆ, ಕಿಟಕಿ ಇಲ್ಲ. ಹನ್ನೊಂದು ವರ್ಷದಿಂದ ಅವಳು ಅದರಲ್ಲೇ ರೊಟ್ಟಿ ಬಡಿಯುತ್ತಿದ್ದಾಳೆ.

ಎರಡನೆಯ ದಿನ ಅವಳು ನನ್ನನ್ನು ಮನೆಯ ಬಲಮಗ್ಗುಲಿಗೆ ಕರೆದುಕೊಂಡು ಹೋದಳು. ನೆಲದ ಮೇಲೆ ಸುಣ್ಣದ ಗೆರೆ ಎಳೆದಿತ್ತು. "ಇದು ಕಟ್ಟಿ, ನಿಂತು ಅಡಿಗಿ ಮಾಡೂದು. ಇಲ್ಲಿ ಖಿಡಕಿ. ಖಿಡಕಿಯಿಂದ ನೋಡಿದ್ರ ದ್ರಾಕ್ಷಿಪಡಾ ಪೂರಾ ಕಾಣತೈತ್ರಿ" ಅಂದಳು. ಸುಣ್ಣದ ಗೆರೆಯೊಳಗೆ ನಿಂತು, ಇಲ್ಲದ ಕಿಟಕಿಯಿಂದ ತೋಟ ತೋರಿಸಿದಳು. ಮೂರು ವರ್ಷ ಅಡ್ಡಮಳೆ ಬಂದು ದ್ರಾಕ್ಷಿ ಕೈಕೊಟ್ಟಿತ್ತು. ಈ ವರ್ಷ ಮಾಲು ಬಂದಿದೆ, ಮಣೂಕ ಮಾರಿದ ಕೂಡಲೇ ಹೊಸ ಅಡಿಗೆಮನೆ ಕಟ್ಟಲು ಗೌಂಡಿ ಬರುತ್ತಾನೆ ಅಂತ ಮಾತಾಗಿತ್ತು.

ಮಣೂಕ ಅಂದರೆ ಒಣದ್ರಾಕ್ಷಿ. ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಅಪ್ಪ ಕಬ್ಬು, ಜೋಳ, ಮೆಣಸಿನಕಾಯಿ ಅಷ್ಟೇ ಬೆಳೆದವನು. ಬಾಳು ದ್ರಾಕ್ಷಿ ಹಚ್ಚಿದ, ಬಾವಿಯ ಹತ್ತಿರ ಉದ್ದನೆಯ ಶೆಡ್ಡು ಹಾಕಿಸಿದ. ಒಳಗೆ ಒಂದರ ಮೇಲೊಂದು ಹತ್ತು ಸಾಲು ಜಾಳಿಗೆ, ಅದರ ಮೇಲೆ ದ್ರಾಕ್ಷಿ ಹರವುತ್ತಾರೆ. ಬಿಸಿಲು ತಾಗಬಾರದು, ಗಾಳಿ ಆಡಬೇಕು. ಹದಿನೈದು ದಿನಕ್ಕೆ ಒಣಗುತ್ತದೆ. ಹಸಿರು ಬಣ್ಣ ಹಾಗೇ ಉಳಿದರೆ ಮಾಲಿಗೆ ಮಾನ, ಕಂದಿದರೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ನಾವು ಹೋದಾಗ ಜಾಳಿಗೆಯ ಮೇಲೆ ಎಂಟು ದಿನದ ಮಾಲಿತ್ತು, ಅರ್ಧ ಒಣಗಿದ್ದು. ಬಾಳು ಒಂದು ಹಿಡಿ ತೆಗೆದು ನನ್ನ ಅಂಗೈಗೆ ಹಾಕಿ, "ಬಣ್ಣ ನೋಡಕ್ಕಾ" ಅಂದ. ಗಿಣಿಯ ಹಸಿರು. ಅವನ ಮುಖ ನೋಡಿ ನನಗೂ ಖುಷಿಯಾಯಿತು.

ಮೂರನೆಯ ದಿನ ಬೆಳಿಗ್ಗೆ ಬಾಳು ಮೊದಲು ಒಣಗಿದ್ದ ಸ್ವಲ್ಪ ಮಾಲು ತೆಗೆದುಕೊಂಡು ತಾಸಗಾಂವದ ಪೇಟೆಗೆ ಹೋದ, ಮರುದಿನ ಸಂಜೆ ಬರುವವನು. ಏಪ್ರಿಲ್ ಹದಿನಾಲ್ಕರ ಜಯಂತಿ ಅಂತ ಕೆಲಸದವರಿಗೆಲ್ಲ ಎರಡು ದಿನ ಸೂಟಿ. ಮಧ್ಯಾಹ್ನ ನಾಲ್ಕಕ್ಕೆ ಅಥಣಿ ದಿಕ್ಕಿನಿಂದ ಮೋಡ ಎದ್ದಿತು. ವೈಶಾಲಿ ಶೆಡ್ಡಿನ ಕಡೆ ಓಡಿದಳು, ಹಿಂದೆ ನಾನು.

ಶೆಡ್ಡಿನ ಸುತ್ತ ಸುತ್ತಿಟ್ಟ ತಾಡಪತ್ರಿ ಇರುತ್ತವೆ. ಮಳೆ ಬಂದರೆ ಇಳಿಸುವುದು, ನಿಂತರೆ ಎತ್ತುವುದು. ಅವಳು ಇಳಿಸಿ ಕೆಳಗೆ ಕಲ್ಲು ಇಡುತ್ತಿದ್ದಳು. ಗಾಳಿ ಎದ್ದು ಒಂದು ಮಗ್ಗುಲು ಹಾರಿತು. ನಾನು ನೋಡಿದೆ. ಇಪ್ಪತ್ತಾರು ವರ್ಷ ಆಜ್ಞೆ ಕೊಟ್ಟು ಅಭ್ಯಾಸ ಆದವಳು, ಅದೂ ಹುಟ್ಟಿದ ಮನೆಯ ಹಿತ್ತಲು, ಸುಮ್ಮನಿರುವುದು ಹೇಗೆ.

"ಕಲ್ಲಿನ ಮ್ಯಾಲ ನಿಲ್ಲೂದಲ್ಲ ಇದು. ಅತ್ತಾಗ ಸರಿ" ಅಂದೆ. ಅಟ್ಟ ಹತ್ತಿ ಅಪ್ಪನ ಹಗ್ಗ ಇಳಿಸಿದೆ. ಕಬ್ಬಿನ ಗಾಡಿಗೆ ಬಿಗಿಯುತ್ತಿದ್ದ ಪುಂಡಿನಾರಿನ ಹಗ್ಗ. ಅಪ್ಪ ಸತ್ತಾಗಿನಿಂದ ಬಾಳು ಅವನ್ನು ಹಾಗೇ ಸುರುಳಿ ಸುತ್ತಿ ಇಟ್ಟಿದ್ದ. ತಾಡಪತ್ರಿಯ ಮೇಲೆ ಅಡ್ಡ ಎಳೆದು, ಹನ್ನೆರಡು ಕಂಬಕ್ಕೂ ಬಿಗಿದೆ. ಅಪ್ಪ ಹಾಕುತ್ತಿದ್ದ ಗಂಟು, ಎರಡು ಸುತ್ತು ಹಾಕಿ ತುದಿಯನ್ನು ಹಿಂದೆ ತಿರುಗಿಸಿ ಒಳಗೆ ತೂರಿಸುವುದು. ತುಂಬಿದ ಗಾಡಿ ತಗ್ಗಿಗೆ ಬಿದ್ದರೂ ಅದು ಜಾರದು. ನನಗೂ ಬಾಳುವಿಗೂ ಹೇಳಿಕೊಟ್ಟಿದ್ದ. ಮೂವತ್ತು ವರ್ಷದ ಮೇಲೆ ಕೈಗೆ ಅದು ನೆನಪಿತ್ತು ಅಂತ ಎಷ್ಟು ಹಿಗ್ಗಿದೆ ಅಂದರೆ, ಸೊಂಟ ನೋಯುವುದೇ ಮರೆತಿತ್ತು.

ಹತ್ತು ನಿಮಿಷ ಹನಿ ಉದುರಿ ನಿಂತಿತು. ಮೋಡ ಮಾತ್ರ ಕದಲಲಿಲ್ಲ.

"ಅಕ್ಕಾರ, ಸ್ವಲ್ಪ ತೆಗೀನೇನ್ರಿ? ಒಳಗ ಉಬ್ಬಿ ಹಿಡೀತೈತಿ" ಅಂದಳು ವೈಶಾಲಿ.

"ಮೋಡ ನೋಡೀದಿಲ್ಲ? ಇನ್ನೂ ಬರೂದೈತಿ. ಇರಲಿ ಬಿಡು" ಅಂದೆ. ಕಣದಲ್ಲಿ ಜೋಳದ ರಾಶಿ ಇದ್ದಾಗ, ಮೆಣಸಿನಕಾಯಿ ಹರವಿದ್ದಾಗ, ನಾವು ಮಾಡಿದ್ದು ಅದನ್ನೇ. ಮುಚ್ಚುವುದು, ಬಿಗಿಯುವುದು, ಮೋಡ ಹೋಗುವ ತನಕ ಮುಟ್ಟದಿರುವುದು. ಹಸಿ ದ್ರಾಕ್ಷಿ ಜೋಳವಲ್ಲ ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಅವಳ ತಲೆಯಲ್ಲಿ ಅದು ಇತ್ತು. ನನಗೆ ಎದುರು ಹೇಳುವ ಬಾಯಿ ಅವಳಿಗಿರಲಿಲ್ಲ.

ಮರುದಿನ ಬೆಳಿಗ್ಗೆಯೂ ಮಂಕು. ಮನೆಯವರು, ತೇಜು ಇಬ್ಬರೂ ಬಾಳುವಿನ ಮಗಳನ್ನು ಕರೆದುಕೊಂಡು ಕೊಕಟನೂರ ಎಲ್ಲಮ್ಮನಿಗೆ ಹೋದರು. ನನಗೆ ತಲೆ ಸಿಡಿಯುತ್ತಿತ್ತು, ನಾನು ಹೋಗಲಿಲ್ಲ. ವೈಶಾಲಿ ಇನ್ನೊಮ್ಮೆ ಕೇಳಿದಳು, "ಈಗರೆ ತೆಗೀನೇನ್ರಿ?" ನಾನು ಗುಳಿಗೆ ನುಂಗುತ್ತಿದ್ದೆ. "ನಾ ಹೇಳೂತನಕ ಮುಟ್ಟಬ್ಯಾಡ. ಒಂದ ತಾಸು ಮಲಗ್ತೀನಿ, ಎಬ್ಬಸಬ್ಯಾಡ" ಅಂದೆ.

ಎಂಥಾ ನಿದ್ದೆ ಅದು. ಎರಡು ವರ್ಷದ ನಿದ್ದೆ ಒಟ್ಟಿಗೆ ಬಂದಿತ್ತು. ಎಚ್ಚರಾದಾಗ ಮಧ್ಯಾಹ್ನ ಎರಡು ಗಂಟೆ. ಅಂಗಳದಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿತ್ತು. ತಲೆದಿಂಬಿನ ಪಕ್ಕ ಮಜ್ಜಿಗೆಯ ಲೋಟ, ಮೇಲೆ ತಾಟು ಮುಚ್ಚಿತ್ತು. ಮುಟ್ಟಿದರೆ ಮಜ್ಜಿಗೆ ಬೆಚ್ಚಗಾಗಿತ್ತು. ಅಂದರೆ ಅವಳು ಬಂದು ನಿಂತು, ಎಬ್ಬಿಸದೆ ಹೋಗಿ ಬಹಳ ಹೊತ್ತಾಗಿದೆ.

ಶೆಡ್ಡಿಗೆ ಹೋದೆ. ವೈಶಾಲಿ ಕಂಬದ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತು ಗಂಟು ಬಿಚ್ಚಲು ಹೆಣಗುತ್ತಿದ್ದಳು. ಪುಂಡಿನಾರು ನೀರು ಕುಡಿದರೆ ಇನ್ನೂ ಬಿಗಿಯುತ್ತದೆ, ನಿನ್ನೆಯ ಹನಿಗೆ ಬಿಗಿದಿತ್ತು. ಅವಳ ಎರಡು ಉಗುರು ಮುರಿದಿದ್ದವು. ಪಕ್ಕದಲ್ಲಿ ಕುಡುಗೋಲು ಬಿದ್ದಿತ್ತು.

"ಕೊಯ್ಯಬಾರದಾಗಿತ್ತ?" ಅಂದೆ.

"ಮಾವಾರ ಹಗ್ಗರಿ ಅದು. ನಿಮ್ಮನ್ನ ಕೇಳದ ಹೆಂಗ ಕೊಯ್ಯಲಿ?" ಅಂದಳು.

ಬಾಳುವಿಗೆ ಫೋನು ಮಾಡಬಹುದಿತ್ತಲ್ಲ ಅಂತ ಆಮೇಲೆ ನಾನೇ ಯೋಚಿಸಿದ್ದೇನೆ. ಮಾಡಿದ್ದರೆ ಅಕ್ಕಾರ ಮೇಲೆ ಚಾಡಿ ಹೇಳಿದಂತೆ ಆಗುತ್ತಿತ್ತು. ಅವಳ ಮುಂದೆ ಇದ್ದ ದಾರಿಗೆಲ್ಲ ನಾನೇ ಅಡ್ಡ ಮಲಗಿದ್ದೆ.

ಗಡಿಬಿಡಿಯಲ್ಲಿ ಒಂದೊಂದೇ ಬಿಚ್ಚಿದೆ. ತಾಡಪತ್ರಿ ಎತ್ತಿದ್ದೇ ಒಳಗಿನಿಂದ ಬಿಸಿ ಹಬೆ ಮುಖಕ್ಕೆ ಬಂತು, ಹುಳಿ ವಾಸನೆ. ಜಾಳಿಗೆಯ ಮೇಲಿನ ಕಾಳು ಒಂದಕ್ಕೊಂದು ಅಂಟಿ, ಹಸಿರು ಹೋಗಿ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಮೇಲಿನ ಆರು ಸಾಲು ಪೂರ್ತಿ, ಕೆಳಗಿನವು ಅಲ್ಲಲ್ಲಿ. ವೈಶಾಲಿ ಒಂದು ಕಾಳು ಎತ್ತಿ ಬೆರಳಲ್ಲಿ ತಿರುಗಿಸಿ ನೋಡಿದಳು. "ರಂಗ ಗೇಲಾ" ಅಂದಳು, ಮರಾಠಿಯಲ್ಲಿ, ತನಗೆ ತಾನೇ. ಬಣ್ಣ ಹೋಯಿತು ಅಂತ. ಆಮೇಲೆ ಸೆರಗು ಸಿಕ್ಕಿಸಿ ಕಾಳು ಬಿಡಿಸಲು ಕೂತಳು. ನಾನೂ ಕೂತೆ.

ಸಂಜೆ ಬಾಳು ಬಂದ. ಪೇಟೆಯಲ್ಲಿ ಮಾಲು ನೋಡಿ ಎಲ್ಲರೂ ಹೊಗಳಿದ್ದರಂತೆ, ನಗುತ್ತಲೇ ಜೀಪು ಇಳಿದ. ಕೈಕಾಲು ತೊಳೆಯದೆ ಶೆಡ್ಡಿಗೆ ಹೋದವನು ಒಂದು ಸುತ್ತು ಹಾಕಿ ಬಂದು ಅಂಗಳದಲ್ಲಿ ನಿಂತ. ನಮ್ಮ ಮನೆಯವರು, ತೇಜು, ನಾನು ಪಡಸಾಲೆಯಲ್ಲಿದ್ದೆವು. ನನ್ನ ಕೈಯಲ್ಲಿ ಚಹಾದ ಲೋಟ.

"ಯಾರು ಮುಚ್ಚಿದವ್ರು?" ಅಂದ.

ನಾನು ಬಾಯಿ ತೆರೆದೆ. ದೇವರಾಣೆ, ತೆರೆದೆ. ಅಷ್ಟರಲ್ಲಿ ವೈಶಾಲಿ ಅಡಿಗೆಮನೆಯ ಬಾಗಿಲಿಗೆ ಬಂದು, "ನಾನ ಮುಚ್ಚಿದ್ನಿರಿ. ಮಳಿ ಬರ್ತೈತಿ ಅಂತ ತಿಳದ್ನಿ" ಅಂದಳು.

ಬಾಳು ಅವಳನ್ನು ಬೈದ. ಹನ್ನೊಂದು ವರ್ಷ ಆತು ಈ ಮನಿಗಿ ಬಂದು, ಇಷ್ಟು ಬುದ್ಧಿ ಬ್ಯಾಡಾ, ಮೂರು ವರ್ಷ ದೇವರು ಕಸಗೊಂಡ, ಈ ವರ್ಷ ನೀ ಕಸಗೊಂಡಿ. ಹೀಗೆ ಬಹಳ ಹೊತ್ತು. ಎಲ್ಲರ ಎದುರಿಗೆ. ಅವಳು ಚೌಕಟ್ಟು ಹಿಡಿದು ನೆಲ ನೋಡುತ್ತಿದ್ದಳು. ನಾನು ಚಹಾ ಕುಡಿದೆ.

ಯಾಕೆ ಸುಮ್ಮನಿದ್ದೆ ಅಂತ ಈ ಒಂದು ವರ್ಷ ನನ್ನನ್ನು ನಾನು ಕೇಳಿಕೊಂಡಿದ್ದೇನೆ. ದಣಿವು ಅಂತ ಒಂದು ಉತ್ತರ. ಅದು ಪೂರಾ ಸುಳ್ಳಲ್ಲ, ಆ ಹೊತ್ತಿಗೆ ಒಂದು ಜಗಳ ಎತ್ತುವ ಶಕ್ತಿಯೂ ನನ್ನಲ್ಲಿರಲಿಲ್ಲ. ಆದರೆ ಇನ್ನೊಂದು ಉತ್ತರವೂ ಇದೆ. ನನಗೆ ಮಲಗಲು ಒಂದೇ ಜಾಗ ಉಳಿದಿತ್ತು, ಅದು ಈ ಪಡಸಾಲೆ. ಇಲ್ಲೂ ನಾನು ತಪ್ಪು ಮಾಡಿದವಳು ಆಗಿಬಿಟ್ಟರೆ ಎಲ್ಲಿಗೆ ಹೋಗಲಿ ಅನ್ನಿಸಿತು. ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ಇದೇ.

ಆಮೇಲೆ ಎರಡು ದಿನ ಬಾಳು ಶೆಡ್ಡಿನಲ್ಲಿ ಗಂಧಕ ಸುಟ್ಟ. ಕಂದಿದ ಮಾಲಿಗೆ ಗಂಧಕದ ಹೊಗೆ ಕೊಟ್ಟರೆ ಸ್ವಲ್ಪ ಹಳದಿಗೆ ತಿರುಗುತ್ತದೆ, ಅಷ್ಟಾದರೂ ಉಳಿಯಲಿ ಅಂತ. ಆ ಘಾಟು ಮನೆಯೆಲ್ಲ ತುಂಬಿತು, ಹಾಸಿಗೆಗೆ, ರೊಟ್ಟಿಗೆ, ಕೂದಲಿಗೆ. ವೈಶಾಲಿ ಹೊಗೆಯೊಳಗೆ ಹೋಗಿ ಬಂದು ಕೆಮ್ಮುತ್ತಿದ್ದಳು. ಆದರೂ ಹೊತ್ತಿಗೆ ಸರಿಯಾಗಿ ನನ್ನ ಮುಂದೆ ತಾಟು ಇಡುತ್ತಿದ್ದಳು, ಕೈಗೆ ಒಂದು ಲೋಟ ತೊಳೆಯಲು ಕೊಡಲಿಲ್ಲ. ನನಗೆ ಉಳಿದ ದಿನಗಳಲ್ಲಿ ನಿದ್ದೆ ಬರಲಿಲ್ಲ. ಸುಣ್ಣದ ಗೆರೆಯ ಮೇಲೆ ಕೋಳಿ ಕೆದರಿ ಅರ್ಧ ಅಳಿಸಿತ್ತು, ಯಾರೂ ಮತ್ತೆ ಎಳೆಯಲಿಲ್ಲ.

ಹೊರಡುವ ದಿನ ಉಡಿ ತುಂಬಿದಳು. ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ರವಿಕೆಯ ಖಣ. ಕಡೆಗೆ ಎರಡು ಬೊಗಸೆ ಮಣೂಕ. ಹಸಿರು ಮಣೂಕ, ಕೆಳಗಿನ ಸಾಲಿನಿಂದ ಒಂದೊಂದೇ ಆರಿಸಿದ್ದು.

"ವೈಶಾಲಿ..." ಅಂದೆ.

"ಸೆರಗ ಸರಿ ಹಿಡೀರಿ ಅಕ್ಕಾರ, ಚೆಲ್ತೈತಿ" ಅಂದಳು.

ಕುಡಚಿ ಸ್ಟೇಷನ್ನಿಗೆ ಬಾಳು ಬಿಡಲು ಬಂದ. ಗಾಡಿ ಅರ್ಧ ತಾಸು ತಡ. ಮನೆಯವರು, ತೇಜು ಕಬ್ಬಿನ ಹಾಲು ಕುಡಿಯಲು ಹೊರಗೆ ಹೋದರು. ಬೇವಿನ ಗಿಡದ ಕಟ್ಟೆಯ ಮೇಲೆ ನಾವಿಬ್ಬರೇ.

"ಬಾಳೂ, ಶೆಡ್ ಮುಚ್ಚಿದಾಕಿ ಅಕಿ ಅಲ್ಲ. ನಾನು" ಅಂದೆ.

ಅವನು ಹಳಿ ನೋಡುತ್ತಿದ್ದ. "ಗೊತ್ತೈತಿ ಅಕ್ಕಾ" ಅಂದ.

"ಅಕಿ ಹೇಳಿದ್ಳ?"

"ಅಕಿ ಯಾಕ ಹೇಳ್ತಾಳ. ಬಾವಿ ಕಡೆ ಮೂಲ್ಯಾಗಿನ ಹಗ್ಗ ನೀ ಬಿಚ್ಚಲಿಕ್ಕೆ ಮರತಿದ್ದಿ. ಅಪ್ಪನ ಗಂಟು. ಅದನ್ನ ಹಾಕವ್ರು ಈಗ ಇಬ್ಬರ ಉಳದೀವಿ. ನಾ ತಾಸಗಾಂವದಾಗ ಇದ್ನಿ."

ಅಂದರೆ ಅಂಗಳದಲ್ಲಿ ನಿಂತು ಯಾರು ಮುಚ್ಚಿದವರು ಅಂತ ಕೇಳುವಾಗಲೇ ಅವನಿಗೆ ಗೊತ್ತಿತ್ತು. ನನಗೆ ಕೂತಲ್ಲಿ ಕೂರಲು ಆಗಲಿಲ್ಲ.

"ಮತ್ತ ಅಕೀಗ್ಯಾಕ ಹಂಗ ಬೈದಿ?"

ಅವನು ನನ್ನ ಕಡೆ ತಿರುಗಿದ. ಅವನ ಮುಖವೂ ದಣಿದಿತ್ತು, ನಾನು ಅಷ್ಟು ದಿನ ನನ್ನ ದಣಿವನ್ನಷ್ಟೇ ನೋಡಿದ್ದೆ. "ಹೊಟ್ಟಿ ಉರೀತಿತ್ತು ಅಕ್ಕಾ, ಯಾರಿಗರೆ ಬೈಬೇಕಾಗಿತ್ತು. ನಿನಗ ಬೈದ್ರ ನೀ ಮತ್ತ ಬರ್ತಿದ್ದಿಲ್ಲ. ಅಕಿ ಎಲ್ಲಿ ಹೋಗ್ತಾಳ?" ಅಂದ.

ಗಾಡಿ ಬಂತು. ಕಿಟಕಿಯಿಂದ ಅವನು ನೀರಿನ ಬಾಟಲಿ ಕೊಟ್ಟ, "ಪಂಚಮಿಗಿ ಬಾ" ಅಂದ. ಘಟಪ್ರಭಾ ದಾಟುವ ತನಕ ನಾನು ಮಡಿಲ ಗಂಟು ಹಿಡಿದುಕೊಂಡು ಕೂತಿದ್ದೆ. ತೇಜು ಕೇಳಿದಳು, ತವರು ಬಿಟ್ಟಿದ್ದಕ್ಕೆ ಅಳ್ತಿದ್ದೀಯಾ ಅಂತ. ಹೂಂ ಅಂದೆ.

ಪಂಚಮಿಗೆ ಹೋಗಲಿಲ್ಲ, ಡ್ಯೂಟಿ ಅಂದೆ. ದೀಪಾವಳಿಗೂ ಡ್ಯೂಟಿ ಅಂದೆ. ವೈಶಾಲಿ ತಿಂಗಳಿಗೊಮ್ಮೆ ಫೋನು ಮಾಡುತ್ತಾಳೆ, ಊಟ, ಆರಾಮು, ತೇಜುನ ಪರೀಕ್ಷೆ. ಪ್ರತಿಸಲ ನಾನು ಹೇಳಬೇಕು ಅಂದುಕೊಳ್ಳುತ್ತೇನೆ, ಪ್ರತಿಸಲ ಅವಳು ಇಡ್ಲೇನ್ರಿ ಅನ್ನುತ್ತಾಳೆ, ನಾನು ಇಡು ಅನ್ನುತ್ತೇನೆ. ಹಸಿರು ಮಣೂಕ ಡಬ್ಬಿಯಲ್ಲಿ ಹಾಗೇ ಇದೆ. ಒಂದು ಕಾಳು ಬಾಯಿಗೆ ಹಾಕಿಲ್ಲ. ಈ ಸೋಮವಾರ ಬಾಳು ಮತ್ತೆ ಕರೆದ, ಸೂಟಿ ಹಾಕಿ ಬಾ, ಮಾಲು ಶೆಡ್ಡಿಗೆ ಬಿದ್ದೈತಿ ಅಂತ. ಮನೆಯವರು ಟಿಕೀಟು ತೆಗೆಸಿದ್ದಾರೆ.

ಇವತ್ತು ದೀಪ ಹಚ್ಚಿ, ಸುಟ್ಟ ಬೆರಳು ನೀರಿನಲ್ಲಿ ಅದ್ದಿ, ಇನ್ನೊಂದು ಕೈಯಿಂದ ಫೋನು ಮಾಡಿದೆ.

"ಆರಾಮ ಅದೀರಿ ಅಕ್ಕಾರ?"

"ವೈಶಾಲಿ, ಆ ಶೆಡ್ ಮುಚ್ಚಿದಾಕಿ ನಾನು" ಅಂದೆ. ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆ ಅಂಗಳದಲ್ಲಿ ಆಡಬೇಕಾಗಿದ್ದ ಮಾತು ಅದೇ, ಅದನ್ನೇ ಆಡಿದೆ. "ನನ್ನ ಸಲುವಾಗಿ ನೀ ಬೈಸಿಕೊಂಡಿ. ನಾ ಚಹಾ ಕುಡಕೋತ ಕುಂತಿದ್ನಿ. ತಪ್ಪಾತು."

ಆ ಕಡೆ ತಗಡಿನ ಮೇಲೆ ಕಾಗೆ ಹೆಜ್ಜೆ ಹಾಕಿದ ಸದ್ದು ಕೇಳಿತು. ಅಡಿಗೆಮನೆಯ ಅದೇ ತಗಡು. ಅವಳು ಕೆಮ್ಮಿ ಗಂಟಲು ಸರಿಮಾಡಿಕೊಂಡಳು.

"ಬರೂದು ಯಾವಾಗ್ರಿ?"

"ಇಪ್ಪತ್ತಕ್ಕ."

"ಹಂಗಾರ ಬಂದಾಗ ಆ ಗಂಟು ಬಿಚ್ಚೂದೊಂದು ನನಗ ಕಲಿಸಿಬಿಡ್ರಿ ಅಕ್ಕಾರ" ಅಂದಳು. ಸ್ವಲ್ಪ ತಡೆದು, "ಕಟ್ಟೂದು ಬ್ಯಾಡ. ಬಿಚ್ಚೂದಷ್ಟ."